ಸೆಂಟ್ರಲ್ ಲೈನ್ ರಕ್ತಸೋಂಕು: ಸೌಲಭ್ಯ ಕಡಿಮೆಯಿರುವ ಆಸ್ಪತ್ರೆಗಳಲ್ಲಿ ತಡೆಗಟ್ಟುವಿಕೆ

ಕತ್ತು, ಎದೆಯ ಮೇಲ್ಭಾಗ ಅಥವಾ ತೊಡೆಸಂದಿನ ದೊಡ್ಡ ಅಭಿಧಮನಿಯೊಳಗೆ ಇಳಿಸುವ ಕ್ಯಾಥೆಟರ್ ಕೊಳವೆಗೆ ಆಸ್ಪತ್ರೆಗಳಲ್ಲಿ ಸೆಂಟ್ರಲ್ ಲೈನ್ ಎನ್ನುತ್ತಾರೆ. ಐಸಿಯುವಿನ ಎಷ್ಟೋ ರೋಗಿಗಳು ಬದುಕುಳಿಯುವುದೇ ಇದರಿಂದ. ಆದರೆ ಚರ್ಮದ ಮೇಲಿನ, ಆರೈಕೆ ಮಾಡುವವರ ಕೈಮೇಲಿನ ಬ್ಯಾಕ್ಟೀರಿಯಾಗಳಿಗೂ ಇದೇ ರಕ್ತಕ್ಕೆ ಹೋಗುವ ನೇರ ದಾರಿ. ಭಾರತದ 26 ಆಸ್ಪತ್ರೆಗಳ 89 ಐಸಿಯುಗಳಿಂದ ಕಲೆಹಾಕಿ 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ 1000 ಲೈನ್-ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಲೈನ್-ದಿನ) 8.83 ಸೋಂಕುಗಳು ಕಂಡವು. ಅಮೆರಿಕದಲ್ಲಿ ಈ ದರ ಸುಮಾರು 1ಕ್ಕೆ ಇಳಿದಿದೆ. ಈ ಅಂತರಕ್ಕೆ ದುಬಾರಿ ಉಪಕರಣಗಳ ಕೊರತೆಗಿಂತ ದಿನನಿತ್ಯದ ಕೆಲಸದ ಕ್ರಮವೇ ಹೆಚ್ಚು ಕಾರಣ.

ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ವೈದ್ಯ ಪೀಟರ್ ಪ್ರೊನೊವೊಸ್ಟ್ ಅವರ ತಂಡ ಜಾರಿಗೆ ತಂದದ್ದು ಐದೇ ಕ್ರಮ: ಕೈ ತೊಳೆಯುವುದು, ಲೈನ್ ಹಾಕುವಾಗ ಗೌನು, ಗ್ಲೌಸು, ಮಾಸ್ಕು ಧರಿಸಿ ರೋಗಿಯ ಮೈಗೆ ಪೂರ್ತಿ ಹೊದಿಕೆ ಹಾಸುವುದು, ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದಿಂದ ಚರ್ಮ ಒರೆಸುವುದು, ಸಾಧ್ಯವಾದಷ್ಟು ತೊಡೆಸಂದು ಬಿಡುವುದು, ಬೇಡವಾದ ಲೈನನ್ನು ಕೂಡಲೇ ತೆಗೆಯುವುದು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸರಾಸರಿ ದರ 18 ತಿಂಗಳೊಳಗೆ 7.7ರಿಂದ 1.4ಕ್ಕೆ ಇಳಿಯಿತು. ಇದೇ ಮಾದರಿಯನ್ನು ಇಂಗ್ಲೆಂಡಿನಲ್ಲಿ ಪ್ರಯೋಗಿಸಿದಾಗ, ಇನ್ನೂ ಯೋಜನೆಗೆ ಸೇರದ ಐಸಿಯುಗಳಲ್ಲೂ ಸೋಂಕು ಇಳಿಯುತ್ತಿತ್ತು. ಹಾಗಾಗಿ ಎಲ್ಲ ಶ್ರೇಯಸ್ಸೂ ಈ ಐದು ಕ್ರಮಗಳ ಚೆಕ್‌ಲಿಸ್ಟಿಗೆ ಸಲ್ಲದು ಎಂಬ ಆಕ್ಷೇಪ ನ್ಯಾಯವೇ. ಆದರೆ ಮಿಷಿಗನ್ನಿನಲ್ಲಿ ಇದ್ದದ್ದು ಬರಿಯ ಪಟ್ಟಿಯಲ್ಲ. ಕ್ರಮ ತಪ್ಪಿದ ವೈದ್ಯರನ್ನು ಅಲ್ಲೇ ತಡೆಯುವ ಅಧಿಕಾರ ನರ್ಸಿಗಿತ್ತು. ಹಿರಿಯ ಡಾಕ್ಟರಿಗೆ ಎದುರಾಡಬಾರದೆಂಬ ವಾರ್ಡಿನಲ್ಲಿ ಅದೇ ಪಟ್ಟಿ ಟಿಕ್ ಹಾಕುವ ಕಾಗದವಷ್ಟೇ ಆದೀತು.

ಬಡ ಆಸ್ಪತ್ರೆಗಳಲ್ಲಿ ಲೈನ್ ಹಾಕಿದ ನಂತರದ ದಿನಗಳೇ ಹೆಚ್ಚು ಅಪಾಯಕಾರಿ. ಗಟ್ಟಿ ಡ್ರಿಪ್ ಬಾಟಲಿಯಿಂದ ದ್ರವ ಇಳಿಯಬೇಕಾದರೆ ಒಳಗೆ ಗಾಳಿ ಹೋಗಬೇಕು. ಅದಕ್ಕಾಗಿ ಬಾಟಲಿಗೆ ಸೂಜಿ ಚುಚ್ಚಿಡುತ್ತಾರೆ, ವಾರ್ಡಿನ ಗಾಳಿಯಲ್ಲಿರುವುದೆಲ್ಲ ಆ ತೂತಿನಿಂದ ಒಳಸೇರುತ್ತದೆ. ಅರ್ಜೆಂಟೀನಾ, ಬ್ರೆಜಿಲ್, ಮೆಕ್ಸಿಕೊ, ಇಟಲಿಗಳಲ್ಲಿ ತಾನೇ ಕುಗ್ಗುವ ಮುಚ್ಚಿದ ಚೀಲಕ್ಕೆ ಬದಲಾದಾಗ ದರ 10.1ರಿಂದ 3.3ಕ್ಕೆ ಇಳಿಯಿತು. ಚೀಲಕ್ಕೆ ಖರ್ಚು ಹೆಚ್ಚೆಂಬ ಮಾತನ್ನು ಅದರ ಬೆಲೆಯೊಂದನ್ನೇ ನೋಡಿ ಹೇಳಲಾಗದು. ಒಂದು ಸೋಂಕಿನಿಂದ ಹೆಚ್ಚಾಗುವ ಐಸಿಯು ದಿನಗಳನ್ನೂ ಆಂಟಿಬಯೋಟಿಕ್‌ಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಬ್ಬಳೇ ನರ್ಸ್ ಹಲವು ಹಾಸಿಗೆ ನೋಡುವಲ್ಲಿ ಇದೆಲ್ಲ ನಡೆಯದೆಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ಮತ್ತು ನರ್ಸುಗಳ ನೇಮಕಾತಿಗೆ ಪರ್ಯಾಯವಿಲ್ಲ. ಆದರೂ ಬೆಳಗಿನ ರೌಂಡ್ಸಿನಲ್ಲಿ ಈ ಲೈನ್ ಇಂದು ಬೇಕೇ ಎಂದು ಕೇಳಿ ಒಂದನ್ನು ತೆಗೆದರೆ ಅವಳ ಕೆಲಸ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಇನ್ನು, ರಕ್ತದಲ್ಲಿನ ಬ್ಯಾಕ್ಟೀರಿಯಾ ಪತ್ತೆಹಚ್ಚುವ ಬ್ಲಡ್ ಕಲ್ಚರ್ ಪರೀಕ್ಷೆ ಮಾಡದ ಆಸ್ಪತ್ರೆಗಳಲ್ಲಿ ಸೋಂಕು ದಾಖಲಾಗುವುದೇ ಇಲ್ಲ. ಅಂಥಲ್ಲಿ ಲೈನ್-ದಿನಗಳನ್ನೂ ಕೈ ತೊಳೆದ ಪ್ರಮಾಣವನ್ನೂ ಎಣಿಸಿಯೇ ಕೆಲಸ ಶುರುಮಾಡಬೇಕು.