ಹಿಂದಕ್ಕೆ ಹೋಗೋ ಬಟನ್‌ನ ಕಥೆ (ಕಂಪ್ಯೂಟರ್ ಇತಿಹಾಸ, ಭಾಗ 6)

1/4
ಪ್ರಾಜೆಕ್ಟ್ ಸಬ್ಮಿಟ್ ಮಾಡೋ ಹಿಂದಿನ ರಾತ್ರಿ ಲ್ಯಾಪ್‌ಟಾಪ್ ಕೈ ಕೊಟ್ಟಿದೆಯಾ ನಿಮಗೆ? ನನಗೆ ಕೊಟ್ಟಿದೆ. ಯಾವುದೋ ಡ್ರೈವರ್ ಹಾಕಿದೆ, ಸ್ಕ್ರೀನ್ ಕಪ್ಪಾಯ್ತು. ಮೂರ್ನಾಲ್ಕು ಸಲ ಆಫ್ ಆನ್ ಮಾಡಿದ ಮೇಲೆ ರಿಕವರಿ ಮೆನು ಬಂತು. "ಸಿಸ್ಟಮ್ ರೀಸ್ಟೋರ್ ಒತ್ತೋ" ಅಂದ ಫ್ರೆಂಡ್. ಒತ್ತಿದೆ. ಒಂದೇ ಒಂದು ರೀಸ್ಟೋರ್ ಪಾಯಿಂಟ್ ಇರಲಿಲ್ಲ! ಅದು ಮೊದಲಿಂದಲೂ ಆಫ್ ಇತ್ತಂತೆ.

ಹಾಗಾದ್ರೆ ಈ ಬಟನ್ ಬಂದಿದ್ದೆಲ್ಲಿಂದ?

2/4
ವಿಂಡೋಸ್‌ನ ಸೆಟ್ಟಿಂಗ್ಸ್ ಎಲ್ಲಾ ಬರೆದಿಡೋ ಜಾಗದ ಹೆಸರು ರಿಜಿಸ್ಟ್ರಿ. ನಮ್ಮ ಬಿಕಾಂ ಭಾಷೇಲಿ ಲೆಡ್ಜರ್ ಅಂದ್ಕೊಳ್ಳಿ. ಅದು ಕೆಟ್ರೆ ಇಡೀ ಅಂಗಡಿ ಬಂದ್. ವಿಂಡೋಸ್ 95 ಅದರ ಹಿಂದಿನ ಒಂದು ನಕಲು ಇಟ್ಕೊಳ್ತಿತ್ತು. ವಿಂಡೋಸ್ 98 ದಿನಕ್ಕೊಂದರಂತೆ ಐದು ನಕಲು ಇಡ್ತಿತ್ತು. ಆದ್ರೆ ವಾಪಸ್ ತರೋಕೆ ಡಾಸ್‌ನ ಕಪ್ಪು ಪರದೇಲಿ ಕಮಾಂಡ್ ಹೊಡೀಬೇಕಿತ್ತು. ಗೊತ್ತಿದ್ದೋರಿಗೆ ಮಾತ್ರ ಆಗೋ ಕೆಲಸ.

2000ರ ಸೆಪ್ಟೆಂಬರ್‌ನಲ್ಲಿ ಬಂದ ವಿಂಡೋಸ್ ಎಂಇ ಇದನ್ನ ಎಲ್ಲರ ಕೈಗೆ ಕೊಡ್ತು. ಕ್ಯಾಲೆಂಡರ್ ತೆರೀತದೆ, ದಿನ ಆರಿಸಿ, ಒತ್ತಿ. ರಿಜಿಸ್ಟ್ರಿ ಜೊತೆ ಮುಖ್ಯವಾದ ಸಿಸ್ಟಮ್ ಫೈಲ್‌ಗಳೂ ಆ ದಿನಕ್ಕೆ ವಾಪಸ್.

3/4
ತಮಾಷೆ ಇರೋದು ಇಲ್ಲಿ. ಎಂಇಯಲ್ಲಿ ಒಂದು ದೋಷ ಇತ್ತು: 2001ರ ಸೆಪ್ಟೆಂಬರ್ 8ರ ನಂತರ ಮಾಡಿದ ಪಾಯಿಂಟ್‌ಗಳಿಗೆ ವಾಪಸ್ ಹೋಗೋಕೇ ಆಗ್ತಿರಲಿಲ್ಲ! ಕಾಲದಲ್ಲಿ ಹಿಂದಕ್ಕೆ ಕರ್ಕೊಂಡು ಹೋಗೋ ಯಂತ್ರ ತಾರೀಖಿನಲ್ಲೇ ಎಡವಿತ್ತು. ಮೈಕ್ರೋಸಾಫ್ಟ್ ಅದಕ್ಕೆ ತಿದ್ದುಪಡಿ ಬಿಡಬೇಕಾಯ್ತು. ಇನ್ನೊಂದು ತಲೆನೋವು ವೈರಸ್. ಕೆಟ್ಟ ಫೈಲ್‌ನ ನಕಲೂ ರೀಸ್ಟೋರ್ ಫೋಲ್ಡರ್‌ನಲ್ಲಿ ಕೂತಿರ್ತಿತ್ತು, ಆಂಟಿವೈರಸ್‌ಗೆ ಅದನ್ನ ಮುಟ್ಟೋಕೆ ಆಗ್ತಿರಲಿಲ್ಲ.

ಆದ್ರೂ ಈ ಐಡಿಯಾ ಸಾಯಲಿಲ್ಲ. 2001ರಲ್ಲಿ ಎಕ್ಸ್‌ಪಿಗೆ ಬಂತು, ಇವತ್ತಿನ ವಿಂಡೋಸ್ 11ರಲ್ಲೂ ಇದೆ.

4/4
ಈಗ ಮುಖ್ಯ ವಿಷಯ. ಸಿಸ್ಟಮ್ ರೀಸ್ಟೋರ್ ಉಳಿಸೋದು ಯಂತ್ರವನ್ನ, ನಿಮ್ಮ ಕೆಲಸವನ್ನಲ್ಲ. ಡಿಲೀಟ್ ಆದ ಪ್ರಾಜೆಕ್ಟ್, ಫೋಟೋ ಇದರಿಂದ ವಾಪಸ್ ಬರಲ್ಲ. ನಾನು ಎರಡೂ ಒಂದೇ ಅಂದ್ಕೊಂಡಿದ್ದೆ. ಕೊನೆಗೆ ಅಂಗಡೀಲಿ ಫಾರ್ಮ್ಯಾಟ್ ಮಾಡಿಸಿದೆ. ಗೈಡ್‌ಗೆ ಮೊದಲೇ ಮೇಲ್ ಮಾಡಿದ್ದ ಎರಡು ಅಧ್ಯಾಯ ಉಳೀತು, ಮಿಕ್ಕಿದ್ದೆಲ್ಲಾ ಹೋಯ್ತು.

ಅದಕ್ಕೇ ಹೇಳ್ತಿದ್ದೀನಿ, ಇವತ್ತೇ ಮಾಡಿ. ಸ್ಟಾರ್ಟ್‌ನಲ್ಲಿ "ಕ್ರಿಯೇಟ್ ಎ ರೀಸ್ಟೋರ್ ಪಾಯಿಂಟ್" ಅಂತ ಹುಡುಕಿ. ಸಿ ಡ್ರೈವ್ ಆರಿಸಿ, ಕಾನ್ಫಿಗರ್‌ನಲ್ಲಿ ಪ್ರೊಟೆಕ್ಷನ್ ಆನ್ ಮಾಡಿ, ಆಮೇಲೆ ಕ್ರಿಯೇಟ್ ಒತ್ತಿ. ಪ್ರಾಜೆಕ್ಟ್ ಫೈಲ್ ಮಾತ್ರ ಬೇರೆ ಕಡೆ, ಪೆನ್‌ಡ್ರೈವ್‌ಗೋ ಡ್ರೈವ್‌ಗೋ ಹಾಕಿ.

ಐದು ನಿಮಿಷದ ಕೆಲಸ. ನನಗೆ ಅದರ ಬೆಲೆ ಮೂರು ರಾತ್ರಿ ನಿದ್ದೆ.

ಸೇವ್ ಮಾಡ್ಕೊಳ್ಳಿ, ಪ್ರಾಜೆಕ್ಟ್ ಬರೀತಿರೋ ಫ್ರೆಂಡ್‌ಗೆ ಕಳಿಸಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆನ್ ಇತ್ತಾ, ಆಫ್ ಇತ್ತಾ? ಕಾಮೆಂಟ್‌ನಲ್ಲಿ ನಿಜ ಹೇಳಿ 😄