ಯಾರನ್ನು ‘ನೀವು’ ಎಂದದ್ದು?

ಸಕ್ಕರೆ ಕಾಯಿಲೆಯಿಂದಾಗಿ ಅಪ್ಪನ ಬಲಗಾಲಿನ ಎರಡು ಬೆರಳು ತೆಗೆದಿದ್ದರು. ಆಸ್ಪತ್ರೆಯಲ್ಲಿ ರಾತ್ರಿ ನಿದ್ದೆ ಬಾರದೆ, ಏನಾದರೂ ಓದು ಎನ್ನುತ್ತಿದ್ದರು. ನನ್ನ ಚೀಲದಲ್ಲಿದ್ದದ್ದು ಟಾಲ್‌ಸ್ಟಾಯ್ ಬರೆದ ಸೆವಾಸ್ತೊಪೋಲ್ ಕಥನಗಳ ಇಂಗ್ಲಿಷ್ ಅನುವಾದ. ಕನ್ನಡಕ್ಕೆ ತಿರುಗಿಸಿಕೊಳ್ಳುತ್ತ ಓದಲು ಕೂತವನು ಮೊದಲ ಪುಟಗಳಲ್ಲೇ ತಡವರಿಸಿದೆ. ಇಂಗ್ಲಿಷಿನ ‘ಯೂ’ ಎಂಬುದನ್ನು ನೀನು ಎನ್ನಲೋ, ನೀವು ಎನ್ನಲೋ? ಎದುರಿಗೆ ಅಪ್ಪ ಇದ್ದರು, ನೀವು ಎಂದೆ. ರಷ್ಯನ್ ಮೂಲದಲ್ಲೂ ಅದು ನಮ್ಮ ‘ನೀವು’ವಿನಂಥ ಬಹುವಚನವೇ ಎಂದು ಆಮೇಲೆ ತಿಳಿಯಿತು.

ಕ್ರಿಮಿಯಾ ಯುದ್ಧದಲ್ಲಿ ಬ್ರಿಟನ್, ಫ್ರಾನ್ಸ್, ತುರ್ಕಿಗಳ ಸೇನೆ 1854ರಲ್ಲಿ ಆ ಬಂದರಿಗೆ ಮುತ್ತಿಗೆ ಹಾಕಿತ್ತು. ಇಪ್ಪತ್ತಾರರ ಟಾಲ್‌ಸ್ಟಾಯ್ ಅಲ್ಲಿ ಫಿರಂಗಿದಳದ ಅಧಿಕಾರಿ. 1855ರಲ್ಲಿ ಅಚ್ಚಾದ ಮೊದಲ ಕಥನದಲ್ಲಿ ಅವನು ‘ನಾನು ಕಂಡೆ’ ಎಂದು ಹೇಳಿಕೊಳ್ಳುವುದಿಲ್ಲ. ದೂರದ ಊರಿನಲ್ಲಿ ಬೆಚ್ಚಗೆ ಕೂತ ಓದುಗನನ್ನೇ ಕೈಹಿಡಿದು ದೋಣಿಯಿಂದ ಇಳಿಸಿ, ಆಸ್ಪತ್ರೆಯಾಗಿ ಮಾರ್ಪಟ್ಟ ಸಭಾಭವನದ ಬಾಗಿಲಿಗೆ ತಂದು ನಿಲ್ಲಿಸುತ್ತಾನೆ. ಒಳಗೆ ಕೈಕಾಲು ಕಳೆದುಕೊಂಡ ನಲವತ್ತೈವತ್ತು ಮಂದಿ, ಅವರ ವಾಸನೆ. ಹೊಸ್ತಿಲಲ್ಲಿ ನಿಮ್ಮ ಕಾಲು ಹಿಂಜರಿಯುತ್ತದೆ. ಆ ಹಿಂಜರಿಕೆ ಒಳ್ಳೆಯದಲ್ಲ, ಮುಂದೆ ನಡೆಯಿರಿ ಎನ್ನುತ್ತಾನೆ. ಪುಸ್ತಕ ಮುಚ್ಚಿಡಬಹುದು, ಆದರೆ ಮುಚ್ಚಿದರೆ ಹೊಸ್ತಿಲಿಂದ ಹಿಂತಿರುಗಿದವರು ನಾವೇ ಆಗುತ್ತೇವೆ! ‘ಅವನು ಹಿಂಜರಿದ’ ಎಂದಿದ್ದರೆ ಈ ಇಕ್ಕಟ್ಟು ಇರುತ್ತಿರಲಿಲ್ಲ.

ಮುಂದೆ, ಕಾಲು ಕಳೆದುಕೊಂಡ ಮುದಿ ಸೈನಿಕನೊಬ್ಬನನ್ನು ‘ನೀವು’ ಮಾತಾಡಿಸುವ ಭಾಗ. ಗಂಡನಿಗೆ ಊಟ ಒಯ್ಯುವಾಗ ಬಾಂಬು ಬಡಿದು ಕಾಲು ಹೋದ ನಾವಿಕನ ಹೆಂಡತಿಯೂ ಅಲ್ಲಿದ್ದಾಳೆ. ಅಪ್ಪ ತಡೆದು ಕೇಳಿದರು: “ಅವನು ನೀವು ನೀವು ಅಂತಾನಲ್ಲ, ಯಾರಿಗೋ ಅದು?”

“ಓದೋರಿಗೆ, ಅಪ್ಪ.”

“ನನಗಲ್ಲ ಬಿಡು. ನೋಡೋಕೆ ಬಂದೋರಿಗೆ. ಮಂಚದ ಮೇಲಿರೋನಿಗಲ್ಲ.”

ನಾನು ಸುಮ್ಮನಾದೆ. ಆ ‘ನೀವು’ ಎರಡು ಕಾಲಿನ ಮೇಲೆ ನಡೆದು ಬಂದು ನಡೆದೇ ಹೋಗುವವರು ಎಂಬುದು ನನಗೆ ಹೊಳೆದೇ ಇರಲಿಲ್ಲ. ನಾನೂ ಹಾಗೆಯೇ ಬಂದವನಲ್ಲವೇ. ಮುಂದಿನ ಪುಟದಲ್ಲಿ, ನರ ಗಟ್ಟಿಯಿದ್ದರೆ ಎಡಗಡೆಯ ಬಾಗಿಲಿಂದ ಹೋಗಿ, ಕೈಕಾಲು ಕತ್ತರಿಸುವ ಕೋಣೆ ನೋಡಿ ಎಂಬ ಆಹ್ವಾನವಿದೆ. ಅದನ್ನು ಹಾರಿಸಿಬಿಟ್ಟೆ. ನರ ಗಟ್ಟಿಯಿಲ್ಲದವನು ನಾನು, ಅಪ್ಪನಲ್ಲ.

ನೂರು ವರ್ಷದ ಮೇಲೆ, 1957ರಲ್ಲಿ, ಫ್ರಾನ್ಸಿನ ಮಿಶೆಲ್ ಬ್ಯುತೋರ್ ಇಡೀ ಕಾದಂಬರಿಯನ್ನೇ ‘ನೀವು’ವಿನಲ್ಲಿ ಬರೆದ. ಹೆಂಡತಿಯನ್ನು ಬಿಟ್ಟು ಪ್ರೇಯಸಿಯನ್ನು ಕರೆತರಲು ಪ್ಯಾರಿಸ್ಸಿನಿಂದ ರೋಮಿಗೆ ರೈಲು ಹತ್ತಿದವನೊಬ್ಬ, ದಾರಿಯಲ್ಲೇ ಮನಸ್ಸು ಬದಲಿಸುವ ಕಥೆ. ಅಲ್ಲಿ ‘ನೀವು’ ನೋಡಲು ಬಂದವರಲ್ಲ, ವಿಚಾರಣೆಗೆ ಒಳಗಾದವರು. ಬಾಯಿ ಬಿಡದವನಿಗೆ ಅವನ ಕಥೆಯನ್ನೇ ಪೊಲೀಸಿನವನು ಒಪ್ಪಿಸಿದಂತೆ ಎಂದು ಬ್ಯುತೋರನೇ ಮುಂದೆ ಹೋಲಿಸಿದ್ದುಂಟು. ಅಪ್ಪನಿಗೆ ಇದು ಹಿಡಿಸುತ್ತಿತ್ತೇನೋ.

ಟಾಲ್‌ಸ್ಟಾಯ್ ಮಾತ್ರ ಎರಡನೆಯ ಕಥನದಲ್ಲಿ ‘ನೀವು’ವನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟ. ಸೆನ್ಸಾರಿನವರು ಕತ್ತರಿ ಹಾಕಿದ್ದು ಇದಕ್ಕೇ ಹೆಚ್ಚು. ಬಾಂಬು ಸಿಡಿಯುವ ಮುಂಚಿನ ಕ್ಷಣದಲ್ಲಿ ಪ್ರಾಸ್ಕುಖಿನ್ ಎಂಬ ಅಧಿಕಾರಿಯ ತಲೆಯೊಳಗೇ ಹೊಕ್ಕು ಬರೆದಿದ್ದಾನೆ: ಜೊತೆಗಾರನಿಗೆ ಕೊಡಬೇಕಾದ ಹನ್ನೆರಡು ರೂಬಲ್ ಸಾಲ ಅವನಿಗೆ ನೆನಪಾಗುತ್ತದೆ. ಮಾರನೆಯ ರಾತ್ರಿ ಅದನ್ನು ಓದಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ಹಾಲಿನವನ ಲೆಕ್ಕ ಚುಕ್ತಾ ಮಾಡಿದೆಯಾ ಎಂದು ಕೇಳಿದರು.