ಬಿಳಿಯ ನಾಯಿಯ ಪೂರ್ವೋತ್ತರ

ಯಲಹಂಕದಿಂದ ಹೆಬ್ಬಾಳದವರೆಗೆ, ಯಶವಂತಪುರದಿಂದ ರವೀಂದ್ರನಾಥ ಠಾಗೋರ್ ನಗರದವರೆಗೆ, ಒಂದು ಕಾಲಕ್ಕೆ ಯಾವ ಮನೆಯ ಗೇಟು ತೆರೆದರೂ ಮೊದಲು ವಿಚಾರಿಸಿಕೊಳ್ಳುತ್ತಿದ್ದುದು ಒಂದು ಬಿಳಿಯ ಜೂಲುನಾಯಿ. 'ಯಾವ ಜಾತಿ?' ಎಂದರೆ ಮನೆಯವರು ಹೆಮ್ಮೆಯಿಂದ 'ಪಾಮೇರಿಯನ್' ಎನ್ನುತ್ತಿದ್ದರು. ಈಗ ಅದೇ ಬೀದಿಗಳಲ್ಲಿ ಸಂಜೆ ಅಡ್ಡಾಡುವ ನನಗೆ ಅದು ಕಾಣಸಿಗುವುದೇ ಅಪರೂಪ. ಪೂರ್ತಿ ಮರೆತುಹೋಗುವ ಮುನ್ನ ಅದರ ಪೂರ್ವೋತ್ತರವನ್ನು ಒಮ್ಮೆ ವಿಚಾರಿಸುವುದು ಒಳ್ಳೆಯದು.

ಪೊಮರೇನಿಯ ಎಂಬುದು ಬಾಲ್ಟಿಕ್ ಸಮುದ್ರದ ದಕ್ಷಿಣದ ದಡದಲ್ಲಿರುವ ಸೀಮೆ. ಇಂದು ಪೋಲೆಂಡ್, ಜರ್ಮನಿಗಳ ನಡುವೆ ಹಂಚಿಹೋಗಿದೆ. ಅದರ ಹೆಸರು ಹೊತ್ತ ನಾಯಿ ಮೊದಲು ಮಡಿಲಿನ ಆಟಿಕೆಯಾಗಿರಲಿಲ್ಲ. 18ನೆಯ ಶತಮಾನದಲ್ಲಿ ಮೂರನೆಯ ಜಾರ್ಜನ ರಾಣಿ ಷಾರ್ಲೆಟ್ ಇಂಗ್ಲೆಂಡಿಗೆ ತಂದವು ಇಂದಿನವಕ್ಕಿಂತ ಬಹಳ ದೊಡ್ಡವು. ಅವುಗಳನ್ನು ಗಿಡ್ಡಗೊಳಿಸಿದ ಕೀರ್ತಿಯ ದೊಡ್ಡ ಪಾಲು ಆಕೆಯ ಮೊಮ್ಮಗಳು ವಿಕ್ಟೋರಿಯಾಳಿಗೆ ಸಲ್ಲಬೇಕು. 1888ರಲ್ಲಿ ಇಟಲಿಯ ಫ್ಲಾರೆನ್ಸಿಗೆ ಹೋಗಿದ್ದ ರಾಣಿ ಮಾರ್ಕೋ ಎಂಬ ಪುಟ್ಟ ನಾಯಿಗೆ ಮನಸೋತಳು. ರಾಣಿ ಮೆಚ್ಚಿದ್ದನ್ನು ಜನ ಮೆಚ್ಚದಿರುತ್ತಾರೆಯೆ? ಸಾಕುವವರು ತಲೆಮಾರಿನಿಂದ ತಲೆಮಾರಿಗೆ ಚಿಕ್ಕ ಮರಿಗಳನ್ನೇ ಆರಿಸಿ ಬೆಳೆಸಿದರು. ಇಂದಿನ ಅಸಲಿ ಪಾಮೇರಿಯನ್ ಸುಮಾರು ಮೂರು ಕಿಲೋ ತೂಗಿದರೆ ಹೆಚ್ಚು.

ಹಾಗಾದರೆ ನಮ್ಮ ಗೇಟಿನ ನಾಯಿ ಯಾವುದು? ಅದು ಬಹುಮಟ್ಟಿಗೆ 'ಇಂಡಿಯನ್ ಸ್ಪಿಟ್ಜ್'. ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬಂದ ಜರ್ಮನ್ ಸ್ಪಿಟ್ಜ್‌ಗಳ ವಂಶದ್ದು. ನಮ್ಮ ಬಿಸಿಲಿಗೆ ಮೈಯೊಡ್ಡಿ, ನಮ್ಮ ಮೊಸರನ್ನಕ್ಕೆ ನಾಲಗೆಯೊಡ್ಡಿ ಪಳಗಿದ್ದು. ಹೆಸರು ಮಾತ್ರ ಎರವಲು, ಬಾಳು ಇಲ್ಲಿಯದೇ. ಹೊರದೇಶದ ನಾಯಿಗಳನ್ನು ತರಿಸುವುದು ಕಷ್ಟವಾಗಿದ್ದ 1980ರ ದಶಕದಲ್ಲಿ ಮಧ್ಯಮವರ್ಗದ ಮನೆಗಳನ್ನು ತುಂಬಿದ್ದು ಇದೇ. 1994ರ 'ಹಮ್ ಆಪ್ಕೆ ಹೈ ಕೌನ್' ಹಿಂದಿ ಚಿತ್ರದಲ್ಲಿ ಟಫಿಯಾಗಿ ಮೆರೆದದ್ದೂ ಇದೇ ಜಾತಿಯ ನಾಯಿ.

2003ರಲ್ಲಿ ಟೆಲಿಫೋನ್ ಕಂಪನಿಯೊಂದರ ಜಾಹೀರಾತಿನಲ್ಲಿ ಹುಡುಗನೊಬ್ಬನ ಬೆನ್ನುಹತ್ತಿ ಪಗ್ ನಾಯಿಯೊಂದು ನಡೆಯಿತು. ಅದರ ಹಿಂದೆ ಊರೇ ನಡೆಯಿತು! ಚೀನಾ ಮೂಲದ ಈ ಚಪ್ಪಟೆ ಮೂಗಿನ ಪ್ರಾಣಿಗೆ ಸೆಕೆಯಲ್ಲಿ ಉಸಿರಾಡುವುದೇ ಪ್ರಯಾಸ. 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆಯಲ್ಲಿ, ಬೇಸಗೆಯ ಮಧ್ಯಾಹ್ನ ಏದುಸಿರು ಬಿಡುತ್ತಿದ್ದ ಪಗ್ಗುಗಳನ್ನು ನಾನು ಕಂಡಿದ್ದೇನೆ. ಮುದ್ದು ನಮ್ಮದು, ಸಂಕಟ ಅದರದು.

ನಾಯಿಯ ಬೆಲೆಯನ್ನು ಕನ್ನಡಿಗರು ಅರಿಯದವರಲ್ಲ. ಕ್ರಿ.ಶ. 949–50ರ ಆತಕೂರು ಶಾಸನವನ್ನು ನೋಡಿ. ಯುದ್ಧದ ಶೌರ್ಯಕ್ಕೆ ಮೆಚ್ಚುಗೆಯಾಗಿ ಮಣಲೇರನೆಂಬ ವೀರ ಬೇಡಿ ಪಡೆದದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಇಂದಿಗೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿಗೆ ಕಲ್ಲು ಸಂದಿತು. ನಮ್ಮ ಬಿಳಿಯ ನಾಯಿ ಹಂದಿಯೊಡನೆ ಹೋರಾಡಲಿಲ್ಲ, ನಿಜ. ಪೋಸ್ಟ್‌ಮನ್ನನೊಡನೆ ಮಾತ್ರ ಹೋರಾಡಿತು. ಅದಕ್ಕೆ ಕಲ್ಲು ಬೇಡ, ಭೂಮಿಯೂ ಬೇಡ. ನಾಯಿ ಸಾಕಲು ಹೊರಟವರು ಜಾಹೀರಾತಿನ ಪರದೆಯನ್ನು ನೋಡುವ ಮೊದಲು ತಮ್ಮ ಅಂಗಳದ ಬಿಸಿಲನ್ನು ಒಮ್ಮೆ ನೋಡಿದರೆ ಸಾಕು.